ಭಾರತದ ಮಹಿಳಾ ಫುಟ್‌ಬಾಲ್ ತಂಡ: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಜುಲೈನಲ್ಲಿ ನಮ್ಮ ಹೆಣ್ಣುಮಕ್ಕಳು ಥಾಯ್ಲೆಂಡ್ ತಂಡವನ್ನು ಅವರ ನೆಲದಲ್ಲೇ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ಆವತ್ತಿನಿಂದ ಗೆಳೆಯರು, ನೆಂಟರು, ಆಫೀಸಿನವರು ಎಲ್ಲರೂ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಈ ತಂಡಕ್ಕೆ ಆಟಗಾರ್ತಿಯರ ಕೊರತೆ ಯಾವತ್ತೂ ಇರಲಿಲ್ಲ, ಇದ್ದದ್ದು ಪಂದ್ಯಗಳ ಕೊರತೆ. ಕೆಳಗಿನ ಉತ್ತರಗಳನ್ನು ಓದಿ, ನಿಮಗೂ ಹಾಗೇ ಅನ್ನಿಸುತ್ತದಾ ನೋಡಿ.

ಭಾರತಕ್ಕೆ ಮಹಿಳಾ ಫುಟ್‌ಬಾಲ್ ತಂಡ ಯಾವಾಗಿನಿಂದ ಇದೆ? ಈಚೆಗೆ ಶುರುವಾಗಿದ್ದು ಅಲ್ವಾ?

ಅಲ್ಲ. ಐವತ್ತು ವರ್ಷ ಆಯಿತು. 1975ರಲ್ಲಿ ಭಾರತ ಮಹಿಳಾ ಫುಟ್‌ಬಾಲ್ ಫೆಡರೇಷನ್ ಅಂತ ಒಂದು ಸಂಸ್ಥೆ ಹುಟ್ಟಿತು. ಪುರುಷರ ಫುಟ್‌ಬಾಲ್ ನೋಡಿಕೊಳ್ಳುತ್ತಿದ್ದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ (ಎಐಎಫ್‌ಎಫ್) ಇದಕ್ಕೂ ಸಂಬಂಧ ಇರಲಿಲ್ಲ. ಇದು ಏಷ್ಯಾದ ಮಹಿಳಾ ಫುಟ್‌ಬಾಲ್‌ಗಾಗಿ ಬೇರೆಯೇ ಆಗಿ ಇದ್ದ ಒಕ್ಕೂಟದ ಜೊತೆ ಸೇರಿಕೊಂಡಿತ್ತು. ಮೊದಲ ಕೋಚ್ ಸುಶೀಲ್ ಭಟ್ಟಾಚಾರ್ಯ, ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ ಹೆಸರು ಮಾಡಿದ್ದವರು.

ಫಿಫಾ ಮೊದಲ ಮಹಿಳಾ ವಿಶ್ವಕಪ್ ನಡೆಸಿದ್ದು 1991ರಲ್ಲಿ. ಅದಕ್ಕೂ 16 ವರ್ಷ ಮುಂಚೆ ನಮ್ಮಲ್ಲಿ ಹೆಣ್ಣುಮಕ್ಕಳ ತಂಡ ಕಟ್ಟುವ ಕೆಲಸ ಶುರುವಾಗಿತ್ತು. ಇಂಗ್ಲೆಂಡ್‌ನಲ್ಲಿ ಹೆಂಗಸರ ಫುಟ್‌ಬಾಲ್ ಮೇಲಿದ್ದ ನಿಷೇಧ ತೆಗೆದು ಆಗಿನ್ನೂ ಐದಾರು ವರ್ಷವೂ ಆಗಿರಲಿಲ್ಲ. ಅಂದರೆ ನಾವು ತಡವಾಗಿ ಹೊರಟವರಲ್ಲ, ಹೊರಟ ಮೇಲೆ ನಿಂತುಬಿಟ್ಟವರು.

ಏಷ್ಯಾದಲ್ಲಿ ಎರಡನೇ ಸ್ಥಾನಕ್ಕೆ ಬಂದಿದ್ದೆವು ಅಂತಾರಲ್ಲ, ನಿಜವಾ?

ನಿಜ. ಅದೂ ಒಂದು ಸಲ ಅಲ್ಲ, ಎರಡು ಸಲ.

ಮೊದಲನೆಯದು ನಮ್ಮ ಪಕ್ಕದ ಕಲ್ಲಿಕೋಟೆಯಲ್ಲೇ ಆಯಿತು. 1980ರ ಜನವರಿಯಲ್ಲಿ ಅಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ (ಈಗಿನ ಏಷ್ಯನ್ ಕಪ್ ಇದೇ) ನಡೆಯಿತು. ಭಾರತ ಆತಿಥೇಯ ದೇಶ. ಆವತ್ತು ನಾವು ಇಳಿಸಿದ್ದು ಒಂದು ತಂಡ ಅಲ್ಲ, ಎರಡು. ಉತ್ತರದವರದ್ದು ಒಂದು, ದಕ್ಷಿಣದವರದ್ದು ಒಂದು! ಎರಡು ತಂಡಗಳಿಗೆ ಆಗುವಷ್ಟು ಆಟಗಾರ್ತಿಯರು ಆಗಲೇ ಇದ್ದರು ಅನ್ನುವುದನ್ನು ದಯವಿಟ್ಟು ಗಮನಿಸಿ. ದಕ್ಷಿಣದ ತಂಡ ಫೈನಲ್‌ವರೆಗೆ ಹೋಗಿ ತೈವಾನ್‌ಗೆ 2-0ಯಿಂದ ಸೋತಿತು. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ ನಡೆದ ಟೂರ್ನಿಯಲ್ಲಿ ಭಾರತಕ್ಕೆ ಮೂರನೇ ಸ್ಥಾನ. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್, ಈ ಸಲ ಸೋತಿದ್ದು ಆತಿಥೇಯ ಥಾಯ್ಲೆಂಡ್‌ಗೆ.

ಥಾಯ್ಲೆಂಡ್, ತೈವಾನ್ ಈ ಎರಡೂ ಹೆಸರು ನೆನಪಿಟ್ಟುಕೊಳ್ಳಿ. ತೈವಾನ್ ಈಗ ಚೈನೀಸ್ ತೈಪೆ ಅನ್ನುವ ಹೆಸರಲ್ಲಿ ಆಡುತ್ತದೆ. ನಮ್ಮ ಹುಡುಗಿಯರ ದಾರಿಗೆ ಈ ಎರಡು ತಂಡಗಳು ಮತ್ತೆ ಮತ್ತೆ ಎದುರಾಗುತ್ತಲೇ ಇರುತ್ತವೆ.

ಆಗ ಚೀನಾ, ಉತ್ತರ ಕೊರಿಯಾ ಆಡುತ್ತಲೇ ಇರಲಿಲ್ಲ. ಅಂಥ ಟೂರ್ನಿಯ ಎರಡನೇ ಸ್ಥಾನಕ್ಕೆ ಏನು ಬೆಲೆ?

ಪ್ರಶ್ನೆ ನ್ಯಾಯವಾದದ್ದೇ. ಚೀನಾ ಮೊದಲ ಸಲ ಈ ಟೂರ್ನಿಗೆ ಬಂದಿದ್ದು 1986ರಲ್ಲಿ. ಬಂದ ವರ್ಷವೇ ಗೆದ್ದಿತು, ಅಲ್ಲಿಂದ 1999ರವರೆಗೆ ಕಪ್ಪನ್ನು ಬೇರೆ ಯಾರಿಗೂ ಬಿಡಲಿಲ್ಲ. ಹಾಗಾಗಿ 1980ರಲ್ಲಿ ನಾವು ಏಷ್ಯಾದ ಎರಡನೇ ಬಲಿಷ್ಠ ತಂಡ ಆಗಿದ್ದೆವು ಅಂತ ಎದೆ ತಟ್ಟಿಕೊಳ್ಳುವುದು ನನಗೂ ಅತಿ ಅನ್ನಿಸುತ್ತದೆ.

ಆದರೆ ನಾನು ಇದನ್ನು ನೋಡುವ ರೀತಿ ಬೇರೆ. 1980ರಲ್ಲಿ ಏಷ್ಯಾದ ಎಲ್ಲ ತಂಡಗಳೂ ಎಳೆಯವೇ. ಜಪಾನ್ ಕೂಡ. ಆಗ ಎಲ್ಲರೂ ಒಂದೇ ಗೆರೆಯ ಮೇಲೆ ನಿಂತಿದ್ದರು, ನಾವು ಆ ಗೆರೆಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದೆವು. ಅಲ್ಲಿಂದ ಜಪಾನ್ 2011ರಲ್ಲಿ ವಿಶ್ವಕಪ್ ಗೆದ್ದಿತು. ನಾವು 2009ರಲ್ಲಿ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಮಾಯವಾದೆವು. ಬೆಲೆ ಕಟ್ಟಬೇಕಾದ್ದು ಆ ಎರಡನೇ ಸ್ಥಾನಕ್ಕಲ್ಲ, ಆಮೇಲೆ ಕಳೆದುಕೊಂಡ ವರ್ಷಗಳಿಗೆ.

ಆಗಿನ ಆಟಗಾರ್ತಿಯರು ಯಾರು? ಕರ್ನಾಟಕದವರು ಇದ್ದರಾ?

ಬಂಗಾಳದ ಶಾಂತಿ ಮಲ್ಲಿಕ್, ಕುಂತಲಾ ಘೋಷ್ ದಸ್ತಿದಾರ್ ಈ ಕಾಲದ ದೊಡ್ಡ ಹೆಸರುಗಳು. ಶಾಂತಿ ಮಲ್ಲಿಕ್ ಅವರಿಗೆ 1983ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮಹಿಳಾ ಫುಟ್‌ಬಾಲ್‌ಗೆ ಬಂದ ಮೊದಲ ಅರ್ಜುನ ಅದು. ಎರಡನೆಯದು ಯಾವಾಗ ಬಂತು ಗೊತ್ತಾ? 2017ರಲ್ಲಿ. ನಡುವೆ 34 ವರ್ಷ. ಅಷ್ಟು ವರ್ಷ ಈ ದೇಶದಲ್ಲಿ ಚೆನ್ನಾಗಿ ಫುಟ್‌ಬಾಲ್ ಆಡುವ ಒಬ್ಬ ಹೆಣ್ಣುಮಗಳೂ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ನಮ್ಮವರೂ ಇದ್ದರು. ಬೆಂಗಳೂರಿನ ಚಿತ್ರಾ ಗಂಗಾಧರನ್ ಆ ತಲೆಮಾರಿನಲ್ಲಿ ಭಾರತಕ್ಕೆ ಆಡಿದವರು. ನಮ್ಮೂರಿನ ಎಷ್ಟು ಜನ ಫುಟ್‌ಬಾಲ್ ಅಭಿಮಾನಿಗಳಿಗೆ ಈ ಹೆಸರು ಗೊತ್ತು? ಬೆಂಗಳೂರಿನ ಹಳೇ ಗಂಡಸರ ತಂಡದ ಒಲಿಂಪಿಯನ್‌ಗಳ ಹೆಸರನ್ನು ಪಟಪಟ ಹೇಳುವವರಿಗೂ ಇದು ಗೊತ್ತಿರುವುದಿಲ್ಲ. ಅದು ನನಗೆ ಬೇಜಾರಿನ ವಿಷಯ.

ಆ ಕಾಲದ ಆಟಗಾರ್ತಿಯರು ಪಂದ್ಯಕ್ಕೆ ಹೋಗುವಾಗ ರಿಸರ್ವೇಷನ್ ಇಲ್ಲದ ಬೋಗಿಯಲ್ಲಿ ಕೂತು ಹೋಗಿದ್ದನ್ನು, ಶಾಲೆಯ ಕೋಣೆಗಳಲ್ಲಿ ನೆಲದ ಮೇಲೆ ಮಲಗಿದ್ದನ್ನು ಆಮೇಲೆ ಹೇಳಿಕೊಂಡಿದ್ದಾರೆ. ಸಂಬಳ ಅಂತ ಏನೂ ಇಲ್ಲ. ಆದರೂ ಹೋದರು, ಆಡಿದರು, ಏಷ್ಯಾದ ಫೈನಲ್ ತಲುಪಿದರು.

ಹಾಗಾದರೆ 1983ರ ನಂತರ ಏನಾಯಿತು?

ಸುಮ್ನೆ ನಿಂತುಹೋಯಿತು. ಬೇರೆಯಾಗಿದ್ದ ಏಷ್ಯಾದ ಮಹಿಳಾ ಒಕ್ಕೂಟ 1986ರ ಹೊತ್ತಿಗೆ ಮುಖ್ಯ ಏಷ್ಯನ್ ಫುಟ್‌ಬಾಲ್ ಒಕ್ಕೂಟವಾದ ಎಎಫ್‌ಸಿ ಜೊತೆ ಸೇರಿತು. ನಮ್ಮಲ್ಲಿ ಮಾತ್ರ ಮಹಿಳಾ ಫೆಡರೇಷನ್ ಎಐಎಫ್‌ಎಫ್‌ನಿಂದ ಬೇರೆಯೇ ಉಳಿಯಿತು, ಮತ್ತು 1986, 1989, 1991, 1993ರ ನಾಲ್ಕು ಏಷ್ಯನ್ ಟೂರ್ನಿಗಳಲ್ಲಿ ಭಾರತ ಇರಲೇ ಇಲ್ಲ. ಫೈನಲ್ ಆಡಿದ ತಂಡ ಮುಂದಿನ ಟೂರ್ನಿಗೇ ಹೋಗುವುದಿಲ್ಲ, ಅದರ ಮುಂದಿನದ್ದಕ್ಕೂ ಹೋಗುವುದಿಲ್ಲ! 1983ರಲ್ಲಿ 18 ವರ್ಷದವಳಾಗಿದ್ದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಮುಂದಿನ ಏಷ್ಯನ್ ಟೂರ್ನಿಗೆ ಭಾರತ ಹೋಗುವ ಹೊತ್ತಿಗೆ, ಅಂದರೆ 1995ಕ್ಕೆ, ಅವಳಿಗೆ 30. ಅವಳ ಆಟದ ವಯಸ್ಸೇ ಮುಗಿದಿರುತ್ತದೆ.

1990ರ ದಶಕದ ಶುರುವಿನಲ್ಲಿ ಎಐಎಫ್‌ಎಫ್ ಮಹಿಳಾ ಫುಟ್‌ಬಾಲ್ ಜವಾಬ್ದಾರಿ ತೆಗೆದುಕೊಂಡಿತು, ರಾಷ್ಟ್ರೀಯ ಚಾಂಪಿಯನ್‌ಷಿಪ್ ಶುರುವಾಯಿತು. 1995ರಿಂದ 2003ರವರೆಗಿನ ಏಷ್ಯನ್ ಟೂರ್ನಿಗಳಲ್ಲಿ ಭಾರತ ಆಡಿತು, ಗುಂಪಿನ ಹಂತ ದಾಟಲಿಲ್ಲ. ಆ ಹೊತ್ತಿಗೆ ಏಷ್ಯಾ ಬಹಳ ದೂರ ಹೋಗಿಬಿಟ್ಟಿತ್ತು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಚೀನಾ ಎದುರು 16-0 ಸೋಲು. ನಮ್ಮ ತಂಡದ ಇತಿಹಾಸದಲ್ಲೇ ಅದಕ್ಕಿಂತ ದೊಡ್ಡ ಸೋಲಿಲ್ಲ. ಎದುರಿಗಿದ್ದ ಚೀನಾ ತಂಡ ಮಾಮೂಲಿಯದ್ದಲ್ಲ ಅನ್ನುವುದನ್ನೂ ಹೇಳಬೇಕು, 1996ರ ಒಲಿಂಪಿಕ್ಸ್ ಬೆಳ್ಳಿ ಗೆದ್ದು 1999ರ ವಿಶ್ವಕಪ್ ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಷ್ಟೇ ಸೋತ ತಂಡ ಅದು.

ಫಿಫಾ ರ‍್ಯಾಂಕಿಂಗ್‌ನಿಂದ ತೆಗೆದುಹಾಕಿದ್ದು ಯಾಕೆ? ಏನು ತಪ್ಪು ಮಾಡಿದ್ದರು?

ಆಟಗಾರ್ತಿಯರು ಏನೂ ತಪ್ಪು ಮಾಡಿರಲಿಲ್ಲ. 18 ತಿಂಗಳು ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದ ತಂಡವನ್ನು ಫಿಫಾ ಪಟ್ಟಿಯಿಂದ ಬಿಡುತ್ತಿತ್ತು. 2009ರಲ್ಲಿ ಭಾರತಕ್ಕೆ ಆಗಿದ್ದು ಅದೇ. ಯಾರೂ ಪಂದ್ಯ ಏರ್ಪಡಿಸಲಿಲ್ಲ, ಅಷ್ಟೇ.

ನೂರು ಕೋಟಿಗೂ ಮೇಲೆ ಜನ ಇರುವ ದೇಶ, ಮಣಿಪುರದಿಂದ ಗೋವಾವರೆಗೆ ಹುಡುಗಿಯರು ಆಡುತ್ತಿದ್ದಾರೆ, ಪ್ರತಿ ವರ್ಷ ಅಲ್ಲದಿದ್ದರೂ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುತ್ತಿದೆ, ಆದರೂ ರಾಷ್ಟ್ರೀಯ ತಂಡಕ್ಕೆ ಒಂದೂವರೆ ವರ್ಷದಲ್ಲಿ ಒಂದೇ ಒಂದು ಪಂದ್ಯ ಸಿಗಲಿಲ್ಲ. ಯಾರೂ ಇದಕ್ಕಾಗಿ ಕುರ್ಚಿ ಬಿಡಲಿಲ್ಲ. ಪತ್ರಿಕೆಗಳಲ್ಲಿ ಮೂಲೆಯ ಸುದ್ದಿಯಾಗಿ ಬಂದು ಹೋಯಿತು. ಈ ತಂಡದ ಕಥೆಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರುವುದು 16-0 ಸೋಲಿಗಲ್ಲ, ಇದಕ್ಕೆ. ಸೋಲಬೇಕಾದರೂ ಮೊದಲು ಆಡಲು ಬಿಡಬೇಕಲ್ವಾ?

ತಂಡದಲ್ಲಿ ಮಣಿಪುರದವರೇ ಯಾಕೆ ಜಾಸ್ತಿ?

ಅಲ್ಲಿ ಹೆಂಗಸರು ಆಡುವುದು ವಿಚಿತ್ರ ಅಂತ ಯಾರೂ ಭಾವಿಸುವುದಿಲ್ಲ. ಫುಟ್‌ಬಾಲ್, ಬಾಕ್ಸಿಂಗ್, ವೇಟ್‌ಲಿಫ್ಟಿಂಗ್, ಜೂಡೋ, ಯಾವುದನ್ನೇ ತೆಗೆದುಕೊಳ್ಳಿ, ಅಲ್ಲಿಯ ಹೆಣ್ಣುಮಕ್ಕಳು ಮುಂದೆ. ಊರೂರಲ್ಲಿ ಸ್ಥಳೀಯ ಕ್ಲಬ್‌ಗಳಿವೆ. ಚೆನ್ನಾಗಿ ಆಡಿದರೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಸಿಗುವ ದಾರಿಯೂ ಇತ್ತು, ಇದು ಮನೆಯವರು ಒಪ್ಪಲು ದೊಡ್ಡ ಕಾರಣ. ಹಿರಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಮಣಿಪುರ 20ಕ್ಕೂ ಹೆಚ್ಚು ಸಲ ಗೆದ್ದಿದೆ. ಬೇರೆ ಯಾವ ರಾಜ್ಯವೂ ಅದರ ಹತ್ತಿರಕ್ಕೂ ಬಂದಿಲ್ಲ.

ಈಗ ಚಿತ್ರ ಸ್ವಲ್ಪ ಬದಲಾಗುತ್ತಿದೆ. ಒಡಿಶಾ, ಜಾರ್ಖಂಡ್, ತಮಿಳುನಾಡು, ಹರಿಯಾಣ, ಪಂಜಾಬ್ ಕಡೆಯ ಹುಡುಗಿಯರೂ ತಂಡದಲ್ಲಿ ಕಾಣಿಸುತ್ತಾರೆ.

ಒಬ್ಬರೇ ಆಟಗಾರ್ತಿಯ ಬಗ್ಗೆ ಓದಬೇಕು ಅಂದರೆ ಯಾರ ಬಗ್ಗೆ ಓದಲಿ?

ಓಯಿನಾಮ್ ಬೆಂಬೆಮ್ ದೇವಿ. ಎರಡನೇ ಯೋಚನೆಯೇ ಬೇಡ.

ಇಂಫಾಲದ ಈ ಮಿಡ್‌ಫೀಲ್ಡರ್ 1995ರಲ್ಲಿ, 15ರ ವಯಸ್ಸಿನಲ್ಲಿ ಭಾರತಕ್ಕೆ ಆಡಲು ಶುರು ಮಾಡಿದರು. 2016ರಲ್ಲಿ ಶಿಲ್ಲಾಂಗ್‌ನ ದಕ್ಷಿಣ ಏಷ್ಯನ್ ಗೇಮ್ಸ್ ಚಿನ್ನ ಗೆದ್ದು ನಿಲ್ಲಿಸಿದರು. ಎರಡು ದಶಕ! ಈ ಎರಡು ದಶಕಗಳ ಒಳಗೇ 16-0 ಇದೆ, ರ‍್ಯಾಂಕಿಂಗ್‌ನಿಂದ ಮಾಯವಾದ 2009 ಇದೆ, ಮತ್ತೆ ಕಟ್ಟಿದ 2010 ಇದೆ. ಮಣಿಪುರ ಪೊಲೀಸ್‌ನಲ್ಲಿ ಕೆಲಸ ಮಾಡುತ್ತಾ, ಮುಂದಿನ ಪಂದ್ಯ ಯಾವಾಗ ಅಂತ ಗೊತ್ತಿಲ್ಲದೆ, ದೇಹವನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಸಿದ್ಧವಾಗಿ ಇಟ್ಟುಕೊಳ್ಳುವುದು ಎಂಥ ಶಿಸ್ತು ಅಂತ ಯೋಚಿಸಿ. 34ನೇ ವಯಸ್ಸಿನಲ್ಲಿ, 2014ರಲ್ಲಿ, ಮಾಲ್ದೀವ್ಸ್‌ನ ನ್ಯೂ ರೇಡಿಯಂಟ್ ಕ್ಲಬ್‌ಗೂ ಹೋಗಿ ಆಡಿ ಬಂದರು. 2017ರ ಆ ಎರಡನೇ ಅರ್ಜುನ ಪ್ರಶಸ್ತಿ ಬಂದಿದ್ದು ಇವರಿಗೇ. 2020ರಲ್ಲಿ ಪದ್ಮಶ್ರೀ. ಭಾರತೀಯ ಫುಟ್‌ಬಾಲ್‌ನ ದುರ್ಗೆ ಅಂತ ಅಭಿಮಾನಿಗಳು ಕರೆಯುತ್ತಾರೆ, ಸರಿಯಾಗಿಯೇ ಕರೆದಿದ್ದಾರೆ.

ಸ್ಯಾಫ್ ಕಪ್ ಎಷ್ಟು ಸಲ ಗೆದ್ದಿದ್ದೇವೆ?

ದಕ್ಷಿಣ ಏಷ್ಯಾದ ದೇಶಗಳ ಈ ಟೂರ್ನಿಯನ್ನು ಐದು ಸಲ, ಸತತವಾಗಿ. 2010ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್, 2012ರಲ್ಲಿ ಕೊಲಂಬೊ, 2014ರಲ್ಲಿ ಇಸ್ಲಾಮಾಬಾದ್, 2016ರ ಟೂರ್ನಿ ಸಿಲಿಗುರಿಯಲ್ಲಿ, 2019ರದ್ದು ನೇಪಾಳದ ಬಿರಾಟ್‌ನಗರದಲ್ಲಿ. ಮೊದಲ ಟೂರ್ನಿಯಲ್ಲೇ ಭೂತಾನ್ ಎದುರು 18-0 ಗೆಲುವು, ಅದು ನಮ್ಮ ಅತಿದೊಡ್ಡ ಗೆಲುವು ಕೂಡ.

2022ರಲ್ಲಿ ಈ ಓಟ ನಿಂತಿತು. ಕಠ್ಮಂಡುವಿನಲ್ಲಿ ಬಾಂಗ್ಲಾದೇಶ ನಮ್ಮನ್ನು 3-0ಯಿಂದ ಸೋಲಿಸಿತು, ಸೆಮಿಫೈನಲ್‌ನಲ್ಲಿ ನೇಪಾಳ 1-0ಯಿಂದ ಹೊರಗೆ ಕಳಿಸಿತು. ಕಪ್ ಬಾಂಗ್ಲಾದೇಶಕ್ಕೆ. 2024ರಲ್ಲೂ ಹಾಗೇ, ಸೆಮಿಫೈನಲ್‌ನಲ್ಲಿ ನೇಪಾಳದ ಎದುರು ಪೆನಾಲ್ಟಿಗಳಲ್ಲಿ ಸೋಲು, ಕಪ್ ಮತ್ತೆ ಬಾಂಗ್ಲಾದೇಶಕ್ಕೆ. ನಾವು ಹಿಂದೆ ಬಿದ್ದೆವು ಅಂತ ಕೆಲವರು ಬೇಸರ ಮಾಡಿಕೊಂಡರು. ನನಗೆ ಹಾಗನ್ನಿಸಲಿಲ್ಲ. ಬಾಂಗ್ಲಾದೇಶ ಚಿಕ್ಕ ಹುಡುಗಿಯರನ್ನು ವರ್ಷಗಟ್ಟಲೆ ಒಟ್ಟಿಗೆ ಕ್ಯಾಂಪ್‌ನಲ್ಲಿ ಇಟ್ಟು ಬೆಳೆಸಿತು, ಅದರ ಫಲ ಸಿಕ್ಕಿತು. ಪಕ್ಕದ ಮನೆಯವರು ಚೆನ್ನಾಗಿ ಬೆಳೆದರೆ ನಮಗೂ ಒಳ್ಳೆಯ ಪಂದ್ಯ ಸಿಗುತ್ತದೆ. 18-0 ಗೆಲುವಿನಿಂದ ಕಲಿಯಲು ಏನೂ ಇರುವುದಿಲ್ಲ.

2017ರಲ್ಲಿ ಉತ್ತರ ಕೊರಿಯಾಕ್ಕೆ ಹೋಗಿ ಆಡಿದ್ದರಂತೆ?

ಹೌದು. 2018ರ ಏಷ್ಯನ್ ಕಪ್‌ನ ಅರ್ಹತಾ ಪಂದ್ಯಗಳು ಪ್ಯೊಂಗ್‌ಯಾಂಗ್‌ನಲ್ಲಿ ನಡೆದವು. ಉತ್ತರ ಕೊರಿಯಾ ಎದುರು 8-0, ದಕ್ಷಿಣ ಕೊರಿಯಾ ಎದುರು 10-0, ಉಜ್ಬೇಕಿಸ್ತಾನ ಎದುರು 7-1. ಮೂರು ಪಂದ್ಯದಲ್ಲಿ 25 ಗೋಲು ಬಿಟ್ಟುಕೊಟ್ಟರು. ಅಷ್ಟಾದ ಮೇಲೂ ಹಾಂಗ್‌ಕಾಂಗ್ ತಂಡವನ್ನು 2-0ಯಿಂದ ಸೋಲಿಸಿಯೇ ಮನೆಗೆ ಬಂದರು. ಆ ಒಂದು ಗೆಲುವು ನನಗೆ ಬಹಳ ಇಷ್ಟ.

ವಿದೇಶದ ಕ್ಲಬ್‌ಗಳಲ್ಲಿ ಆಡಿದವರು ಯಾರು?

ಗೋಲ್‌ಕೀಪರ್ ಅದಿತಿ ಚೌಹಾಣ್ 2015ರಲ್ಲಿ ಲಂಡನ್ನಿನ ವೆಸ್ಟ್ ಹ್ಯಾಮ್ ಮಹಿಳಾ ತಂಡಕ್ಕೆ ಆಡಿದರು. ಭಾರತದ ಪರ 50ಕ್ಕೂ ಹೆಚ್ಚು ಗೋಲು ಬಾರಿಸಿದ ಸ್ಟ್ರೈಕರ್ ಬಾಲಾ ದೇವಿ 2020ರ ಜನವರಿಯಲ್ಲಿ ಸ್ಕಾಟ್ಲೆಂಡ್‌ನ ರೇಂಜರ್ಸ್ ಸೇರಿದರು. ಯೂರೋಪಿನಲ್ಲಿ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದ ಮೊದಲ ಭಾರತೀಯ ಮಹಿಳೆ ಇವರು.

ಪಂಜಾಬಿನ ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್‌ನ ಅಪೊಲೊನ್ ತಂಡ ಸೇರಿ ಯೂರೋಪಿನ ಕ್ಲಬ್‌ಗಳ ಮಹಿಳಾ ಚಾಂಪಿಯನ್ಸ್ ಲೀಗ್ ಆಡಿದರು, ಭಾರತದಿಂದ ಮೊದಲಿಗರು. ಅದಕ್ಕೂ ಮುಂಚೆ, 2021ರ ನವೆಂಬರ್‌ನಲ್ಲಿ, ಇವರೇ ಬ್ರೆಜಿಲ್ ಎದುರು ಗೋಲು ಹೊಡೆದಿದ್ದು. ಪಂದ್ಯ ಮನಾಸ್‌ನಲ್ಲಿ, ಬ್ರೆಜಿಲ್‌ನ ದಂತಕಥೆ ಫೊರ್ಮಿಗಾ ಅವರ ವಿದಾಯದ ಪಂದ್ಯ. ಬ್ರೆಜಿಲ್ ಮೊದಲ ನಿಮಿಷದಲ್ಲೇ ಗೋಲು ಹೊಡೆದಿತ್ತು, ಎಂಟನೇ ನಿಮಿಷಕ್ಕೆ ಮನೀಷಾ ಎಡಗಡೆಯಿಂದ ಒಬ್ಬರೇ ಓಡಿ ಚೆಂಡನ್ನು ಬಲೆಗೆ ಹಾಕಿ 1-1 ಮಾಡಿದರು. ಕೊನೆಗೆ ಸೋತಿದ್ದು 6-1ರಿಂದ, ನಿಜ. ಆದರೂ ಆ ಗೋಲಿನ ವಿಡಿಯೊ ಸಿಕ್ಕರೆ ಒಮ್ಮೆ ನೋಡಿ.

2022ರ ಏಷ್ಯನ್ ಕಪ್ ನಮ್ಮಲ್ಲೇ ನಡೆದರೂ ನಮ್ಮ ತಂಡ ಯಾಕೆ ಪೂರ್ತಿ ಆಡಲಿಲ್ಲ?

ಬರೆಯುವುದಕ್ಕೇ ಕಷ್ಟವಾಗುವ ಉತ್ತರ ಇದು.

ಮುಂಬೈ, ನವಿ ಮುಂಬೈ, ಪುಣೆಯಲ್ಲಿ ಟೂರ್ನಿ. 2003ರ ನಂತರ ಮೊದಲ ಸಲ ಭಾರತ ಏಷ್ಯನ್ ಕಪ್‌ನಲ್ಲಿ. ಆತಿಥೇಯರಾದ್ದರಿಂದ ನೇರ ಪ್ರವೇಶ. ಸ್ವೀಡನ್‌ನ ಥಾಮಸ್ ಡೆನ್ನರ್‌ಬಿ ಕೋಚ್. ತಯಾರಿಗೆ ಅಂತ ತಂಡ ಯುಎಇ, ಬಹ್ರೇನ್, ಸ್ವೀಡನ್, ಬ್ರೆಜಿಲ್ ಎಲ್ಲ ಸುತ್ತಿ ಬಂದಿತ್ತು. ಅಷ್ಟು ತಯಾರಿ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ಟೂರ್ನಿಯಲ್ಲಿ ಒಟ್ಟು 12 ತಂಡ, ಎಂಟು ತಂಡಗಳು ಕ್ವಾರ್ಟರ್‌ಫೈನಲ್‌ಗೆ, ಅಲ್ಲಿಂದ ವಿಶ್ವಕಪ್‌ಗೆ ದಾರಿ. ಕ್ವಾರ್ಟರ್‌ಫೈನಲ್ ನಿಜಕ್ಕೂ ಕೈಗೆಟುಕುವಷ್ಟು ಹತ್ತಿರ ಇತ್ತು.

2022ರ ಜನವರಿ 20ರಂದು ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಇರಾನ್ ಎದುರು ಮೊದಲ ಪಂದ್ಯ. ಅವಕಾಶಗಳು ಸಿಕ್ಕವು, ಗೋಲು ಬರಲಿಲ್ಲ, 0-0. ಮುಂದಿನ ಪಂದ್ಯ 23ಕ್ಕೆ, ಚೈನೀಸ್ ತೈಪೆ ಎದುರು. ಕಲ್ಲಿಕೋಟೆಯಲ್ಲಿ ನಮ್ಮನ್ನು ಸೋಲಿಸಿದ್ದ ಅದೇ ತಂಡ. ಅಷ್ಟರಲ್ಲಿ ತಂಡದಲ್ಲಿ ಕೋವಿಡ್ ಹರಡಿತ್ತು, 12 ಆಟಗಾರ್ತಿಯರಿಗೆ ಪಾಸಿಟಿವ್. ಪಂದ್ಯ ಆಡಲು ಕನಿಷ್ಠ 13 ಮಂದಿ ಬೇಕು. ಎದುರಾಳಿ ತಂಡ ಮೈದಾನಕ್ಕೆ ಬಂದಿದೆ, ನಮ್ಮವರು ಬರಲಾಗಲಿಲ್ಲ. ಪಂದ್ಯ ರದ್ದು. ನಿಯಮದ ಪ್ರಕಾರ ಭಾರತ ಟೂರ್ನಿಯಿಂದ ಹಿಂದೆ ಸರಿದಂತೆ, ಇರಾನ್ ಜೊತೆಗಿನ ಡ್ರಾ ಕೂಡ ಲೆಕ್ಕಕ್ಕಿಲ್ಲ. ಪಂದ್ಯ ಮುಂದೂಡಲೂ ಇಲ್ಲ.

ವರ್ಷಗಟ್ಟಲೆ ತಯಾರಾಗಿ, ಹೋಟೆಲ್ ಕೋಣೆಯಲ್ಲಿ ಕೂತು, ತಮ್ಮದೇ ದೇಶದ ಟೂರ್ನಿಯನ್ನು ಟಿವಿಯಲ್ಲಿ ನೋಡಬೇಕಾದ ಆ ಹುಡುಗಿಯರಿಗೆ ನಾವು ಕೊಟ್ಟ ಸಮಾಧಾನ ಬಹಳ ಕಡಿಮೆ.

ಅದೇ ವರ್ಷ ಫಿಫಾ ನಿಷೇಧವೂ ಆಯಿತಲ್ಲ?

ಆಯಿತು. ಎಐಎಫ್‌ಎಫ್ ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪ ಇದೆ ಅಂತ ಫಿಫಾ 2022ರ ಆಗಸ್ಟ್ ಮಧ್ಯದಲ್ಲಿ ಭಾರತವನ್ನು ಅಮಾನತು ಮಾಡಿತು, ಆಗಸ್ಟ್ 26ಕ್ಕೆ ತೆಗೆಯಿತು. ಹತ್ತೇ ಹತ್ತು ದಿನ ಅಂತ ಅನ್ನಿಸಬಹುದು. ಆದರೆ ಗೋಕುಲಂ ಕೇರಳದ ಮಹಿಳಾ ತಂಡ ಏಷ್ಯನ್ ಕ್ಲಬ್ ಚಾಂಪಿಯನ್‌ಷಿಪ್ ಆಡಲು ಆಗಲೇ ತಾಷ್ಕೆಂಟ್‌ಗೆ ಹೋಗಿ ಇಳಿದಿತ್ತು. ಆಡಳಿತದವರ ಜಗಳಕ್ಕೆ ಆಟಗಾರ್ತಿಯರು ಒಂದೂ ಪಂದ್ಯ ಆಡದೆ ವಾಪಸ್ ಬಂದರು.

ಆ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆಯಿತು. ಅಮೆರಿಕ ಎದುರು 8-0, ಮೊರಾಕ್ಕೊ ಎದುರು 3-0, ಬ್ರೆಜಿಲ್ ಎದುರು 5-0 ಸೋಲು. ಫಲಿತಾಂಶ ನೋಡಿ ನಗುವವರಿಗೆ ಒಂದು ಮಾತು, ಅಮೆರಿಕದ ಆ ವಯಸ್ಸಿನ ಹುಡುಗಿಯರು ಏಳೆಂಟು ವರ್ಷದಿಂದ ಪ್ರತಿ ವಾರ ಲೀಗ್ ಪಂದ್ಯ ಆಡಿ ಬೆಳೆದವರು. ನಮ್ಮ ಮಕ್ಕಳಲ್ಲಿ ಹಲವರು ಜಾರ್ಖಂಡ್, ಮಣಿಪುರದ ಹಳ್ಳಿಗಳಿಂದ ಬಂದು ಕ್ಯಾಂಪ್‌ನಲ್ಲೇ ಆಟದ ಬಹುಪಾಲು ಕಲಿತವರು.

2025ರಲ್ಲಿ ಅಂಥದ್ದೇನಾಯಿತು? ಯಾಕೆ ಇಷ್ಟು ಸಂಭ್ರಮ?

ಭಾರತ ಮೊದಲ ಸಲ ಅರ್ಹತಾ ಪಂದ್ಯಗಳನ್ನು ಗೆದ್ದು ಏಷ್ಯನ್ ಕಪ್‌ಗೆ ಹೋಯಿತು. 2003ರವರೆಗೆ ಹೀಗೆ ಅರ್ಹತಾ ಸುತ್ತು ಗೆದ್ದು ಬಂದದ್ದಿಲ್ಲ, 2022ರಲ್ಲಿ ಆತಿಥೇಯ ಅಂತ ಸಿಕ್ಕಿತು. ಈ ಸಲ ಯಾರೂ ಕೊಟ್ಟಿದ್ದಲ್ಲ.

ಜಾಗ ಥಾಯ್ಲೆಂಡ್‌ನ ಚಿಯಾಂಗ್ ಮಾಯ್. ಗುಂಪಿನಿಂದ ಒಂದೇ ತಂಡಕ್ಕೆ ಅವಕಾಶ. ಮಂಗೋಲಿಯಾ ಎದುರು 13-0, ಅದರಲ್ಲಿ ಒಡಿಶಾದ ಪ್ಯಾರಿ ಕ್ಸಾಕ್ಸಾ ಒಬ್ಬರದ್ದೇ ಐದು ಗೋಲು. ಟಿಮೋರ್-ಲೆಸ್ಟೆ ಎದುರು 4-0, ಇರಾಕ್ ಎದುರು 5-0. ಮೂರು ಪಂದ್ಯದಲ್ಲಿ 22 ಗೋಲು ಹೊಡೆದು ಒಂದೂ ಬಿಟ್ಟುಕೊಟ್ಟಿರಲಿಲ್ಲ. ಆತಿಥೇಯ ಥಾಯ್ಲೆಂಡ್‌ನ ಲೆಕ್ಕವೂ ಸರಿಯಾಗಿ ಅಷ್ಟೇ! ಅಂದರೆ ಜುಲೈ 5ರ ಕೊನೆಯ ಪಂದ್ಯವೇ ಫೈನಲ್ ಇದ್ದ ಹಾಗೆ. ಥಾಯ್ಲೆಂಡ್ ಎರಡು ವಿಶ್ವಕಪ್ ಆಡಿದ ತಂಡ, ರ‍್ಯಾಂಕಿಂಗ್‌ನಲ್ಲಿ 46. ನಾವು 70.

29ನೇ ನಿಮಿಷ. ಬಂಗಾಳದ ಕಲ್ಯಾಣಿಯ ಸಂಗೀತಾ ಬಾಸ್‌ಫೋರ್ ದೂರದಿಂದಲೇ ಒಂದು ಹೊಡೆತ ಹೊಡೆದರು, ಚೆಂಡು ಒಳಗೆ. ವಿರಾಮ ಮುಗಿದು ಎರಡೇ ನಿಮಿಷಕ್ಕೆ ಥಾಯ್ಲೆಂಡ್ ಸಮ ಮಾಡಿತು. ಅಲ್ಲಿಂದ ಮುಂದೆ ನೋಡುವವರಿಗೆ ಉಸಿರು ಬಿಗಿಹಿಡಿಯುವ ಹೊತ್ತು, ಯಾಕೆಂದರೆ ನಮ್ಮ ತಂಡಗಳು ಇಂಥ ಕಡೆ ಕುಸಿಯುವುದನ್ನು ಎಷ್ಟೋ ಸಲ ನೋಡಿದ್ದೇವೆ. ಈ ಸಲ ಕುಸಿಯಲಿಲ್ಲ. 74ನೇ ನಿಮಿಷ, ನಮಗೊಂದು ಕಾರ್ನರ್, ಚೆಂಡು ಗೋಲಿನ ಮುಂದೆ ಎದ್ದು ಬಂತು, ಮತ್ತೆ ಸಂಗೀತಾ, ಈ ಸಲ ತಲೆಯಿಂದ. 2-1. ಉಳಿದ ಹೊತ್ತು ಡಿಫೆಂಡರ್‌ಗಳು ಮೈಯೆಲ್ಲಾ ಒಡ್ಡಿ ತಡೆದರು.

ಸಂಗೀತಾ ಸಶಸ್ತ್ರ ಸೀಮಾ ಬಲದಲ್ಲಿ ಕೆಲಸ ಮಾಡುವವರು. ಆಗಿನ ಕೋಚ್ ಕ್ರಿಸ್ಪಿನ್ ಛೆಟ್ರಿ ನಮ್ಮವರೇ, ಅದಕ್ಕೂ ಮುಂಚೆ ಒಡಿಶಾ ಎಫ್‌ಸಿಗೆ ಮಹಿಳಾ ಲೀಗ್ ಗೆಲ್ಲಿಸಿಕೊಟ್ಟವರು. ಅದೇ ವರ್ಷ 20 ವರ್ಷದೊಳಗಿನವರು, 17 ವರ್ಷದೊಳಗಿನವರು ಕೂಡ ತಮ್ಮ ತಮ್ಮ ಏಷ್ಯನ್ ಕಪ್‌ಗಳಿಗೆ ಅರ್ಹತೆ ಪಡೆದರು. ಮೂರೂ ತಂಡ ಒಂದೇ ವರ್ಷದಲ್ಲಿ!

2026ರ ಏಷ್ಯನ್ ಕಪ್‌ನಲ್ಲಿ ನಮ್ಮ ಗುಂಪು ಯಾವುದಾಗಿತ್ತು?

ಆಸ್ಟ್ರೇಲಿಯಾದ ಈ ಟೂರ್ನಿಯ ಡ್ರಾದಲ್ಲಿ ನಮಗೆ ಸಿಕ್ಕಿದ್ದು ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ. ಜಪಾನ್ 2023ರ ಕೊನೆಗೆ ಒಲಿಂಪಿಕ್ ಅರ್ಹತಾ ಪಂದ್ಯದಲ್ಲಿ ನಮಗೆ 7-0 ಹಾಕಿತ್ತು, ಅದೇ ಕೂಟದಲ್ಲಿ ವಿಯೆಟ್ನಾಂ ಎದುರು 3-1 ಸೋಲು. ಚೈನೀಸ್ ತೈಪೆ ಬಗ್ಗೆ ಮತ್ತೆ ಹೇಳಬೇಕಿಲ್ಲ, 1980ರ ಫೈನಲ್‌ನಿಂದ 2022ರ ನಡೆಯದ ಪಂದ್ಯದವರೆಗೆ ಎಲ್ಲ ಕಡೆ ಇದೇ ತಂಡ.

ಭಾರತದ ಮಹಿಳೆಯರು ವಿಶ್ವಕಪ್ ಆಡಿದ್ದಾರಾ?

ಹಿರಿಯರ ತಂಡ ಇಲ್ಲ. ಒಲಿಂಪಿಕ್ಸ್ ಕೂಡ ಇಲ್ಲ.

ಮಹಿಳಾ ಕ್ರಿಕೆಟ್ ತಂಡ ವಿಶ್ವಕಪ್ ಗೆದ್ದಿತು. ಫುಟ್‌ಬಾಲ್ ಯಾಕೆ ಹಾಗೆ ಬೆಳೆಯಲಿಲ್ಲ?

ಎರಡರ ಶುರುವಾತು ಒಂದೇ ಥರ. ಮಹಿಳಾ ಕ್ರಿಕೆಟ್‌ಗೂ 1973ರಲ್ಲಿ ಬೇರೆ ಸಂಸ್ಥೆ ಹುಟ್ಟಿತ್ತು, 2006ರಲ್ಲಿ ಬಿಸಿಸಿಐ ಒಳಗೆ ಸೇರಿತು. ಆದರೆ ಸೇರುವ ಮುಂಚೆಯೂ ಅವರು ವಿಶ್ವಕಪ್‌ಗಳನ್ನು ಆಡುತ್ತಿದ್ದರು, 2005ರಲ್ಲಿ ಫೈನಲ್‌ಗೂ ಹೋಗಿದ್ದರು. ಆಮೇಲೆ ಒಪ್ಪಂದ, ಸಮಾನ ಪಂದ್ಯ ಶುಲ್ಕ, 2023ರಿಂದ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್). 2025ರ ನವೆಂಬರ್ 2ರಂದು ಕಪ್ ಎತ್ತಿದ್ದು ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ, ಫುಟ್‌ಬಾಲ್ ತಂಡ ಇರಾನ್ ಜೊತೆ ಡ್ರಾ ಮಾಡಿಕೊಂಡ ಅದೇ ಮೈದಾನದಲ್ಲಿ.

ದುಡ್ಡಿನಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ, ಸರಿ. ಆದರೆ ನಿರಂತರವಾಗಿ ಪಂದ್ಯ ಆಡಿಸಲು ಬಿಸಿಸಿಐಯಷ್ಟು ದುಡ್ಡು ಬೇಕಿಲ್ಲ. ನೇಪಾಳ, ಬಾಂಗ್ಲಾದೇಶ ಅದನ್ನು ತೋರಿಸಿವೆ.

ಆಟಗಾರ್ತಿಯರಿಗೆ ಸಂಬಳ ಸಿಗುತ್ತದಾ?

ಮೊದಲು ಸಿಗುತ್ತಿದ್ದುದು ಬಹಳ ಮಟ್ಟಿಗೆ ಪೊಲೀಸ್, ರೈಲ್ವೆ, ಅರೆಸೇನಾ ಪಡೆಗಳ ಕೆಲಸದ ಸಂಬಳ ಮಾತ್ರ. ಇಂಡಿಯನ್ ವಿಮೆನ್ಸ್ ಲೀಗ್, ಅಂದರೆ ಐಡಬ್ಲ್ಯುಎಲ್, 2016-17ರಲ್ಲಿ ಶುರುವಾಯಿತು. ಮೊದಲ ವರ್ಷಗಳಲ್ಲಿ ಇದು ಕೆಲವೇ ವಾರಗಳಲ್ಲಿ ಒಂದೇ ಊರಿನಲ್ಲಿ ಮುಗಿಯುವ ಟೂರ್ನಿ. 2023ರಲ್ಲಿ ಎಐಎಫ್‌ಎಫ್ ಒಂದು ಒಳ್ಳೆಯ ನಿಯಮ ತಂದಿತು: ಮೇಲಿನ ಹಂತದ ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕಡಿಮೆ ಅಂದರೂ 3.2 ಲಕ್ಷ ರೂಪಾಯಿಯ ಒಪ್ಪಂದ ಕೊಡಬೇಕು. 2023-24ರಿಂದ ಲೀಗ್ ತವರು ಮತ್ತು ಹೊರಗಿನ ಮೈದಾನಗಳಲ್ಲಿ ನಡೆಯತೊಡಗಿತು. ಚಿಯಾಂಗ್ ಮಾಯ್ ಗೆಲುವಿನ ಹಿಂದೆ ಇದರ ಪಾಲು ದೊಡ್ಡದು ಅನ್ನುವುದು ನನ್ನ ನಂಬಿಕೆ. ಆದರೂ 3.2 ಲಕ್ಷ ಅಂದರೆ ತಿಂಗಳಿಗೆ 27 ಸಾವಿರಕ್ಕೂ ಕಡಿಮೆ. ದೇಶಕ್ಕೆ ಆಡುವವರಿಗೆ ಇದು ಸಾಲದು.

ಬೆಂಗಳೂರಿನಲ್ಲಿ ಮಹಿಳಾ ಫುಟ್‌ಬಾಲ್ ಇದೆಯಾ?

ಖಂಡಿತ ಇದೆ. 2020ರ ಐಡಬ್ಲ್ಯುಎಲ್ ಅಂತಿಮ ಸುತ್ತು ನಡೆದಿದ್ದೇ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಫೆಬ್ರುವರಿಯ ಆ ಫೈನಲ್‌ನಲ್ಲಿ ಗೋಕುಲಂ ಕೇರಳ ಮಣಿಪುರದ ಕ್ರಿಫ್ಸಾ ತಂಡವನ್ನು 3-2ರಿಂದ ಸೋಲಿಸಿತು, ಗೆಲುವಿನ ಗೋಲು ಕೊನೆಯ ನಿಮಿಷಗಳಲ್ಲಿ ನೇಪಾಳದ ಸಬಿತ್ರಾ ಭಂಡಾರಿ ಹೊಡೆದಿದ್ದು. ನಮ್ಮ ಕಿಕ್‌ಸ್ಟಾರ್ಟ್ ಎಫ್‌ಸಿ 2022-23ರಲ್ಲಿ ಐಡಬ್ಲ್ಯುಎಲ್ ರನ್ನರ್ ಅಪ್ ಆಯಿತು. ಭಾರತ ತಂಡದ ಹಲವು ಆಟಗಾರ್ತಿಯರು ಈ ಕ್ಲಬ್‌ಗೆ ಆಡಿದ್ದಾರೆ. ಕರ್ನಾಟಕ ಮಹಿಳಾ ಲೀಗ್ ಕೂಡ ನಡೆಯುತ್ತದೆ.

ನನ್ನ ಮಗಳಿಗೆ ಫುಟ್‌ಬಾಲ್ ಆಡುವ ಆಸೆ. ಎಲ್ಲಿಂದ ಶುರು ಮಾಡಲಿ?

ಹತ್ತಿರದಲ್ಲಿ ಹುಡುಗರು ಆಡುವ ಅಕಾಡೆಮಿ ಇದ್ದರೂ ಸೇರಿಸಿ, ಚಿಕ್ಕ ವಯಸ್ಸಿನಲ್ಲಿ ಒಟ್ಟಿಗೆ ಆಡಿದರೆ ಏನೂ ತೊಂದರೆಯಿಲ್ಲ, ಒಳ್ಳೆಯದೇ. ಸೇರಿಸುವ ಮುಂಚೆ ಒಂದೇ ಒಂದು ವಿಷಯ ವಿಚಾರಿಸಿ: ವರ್ಷಕ್ಕೆ ಎಷ್ಟು ಪಂದ್ಯ ಆಡಿಸುತ್ತೀರಿ? ಬರೀ ಕೋನ್‌ಗಳ ಸುತ್ತ ಓಡಿಸಿ ಫೀಸ್ ತೆಗೆದುಕೊಳ್ಳುವ ಜಾಗಕ್ಕಿಂತ, ಮೈದಾನ ಅಷ್ಟು ಚೆನ್ನಾಗಿಲ್ಲದಿದ್ದರೂ ವಾರಕ್ಕೊಂದು ಪಂದ್ಯ ಆಡಿಸುವ ಜಾಗ ಎಷ್ಟೋ ವಾಸಿ. ಹುಡುಗಿಯರಿಗಾಗಿ ಖೇಲೋ ಇಂಡಿಯಾದ ಅಸ್ಮಿತಾ ಲೀಗ್‌ಗಳು ವಯಸ್ಸಿನ ಪ್ರಕಾರ ನಡೆಯುತ್ತವೆ, ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ಕೇಳಿದರೆ ವಿವರ ಸಿಗುತ್ತದೆ. ಮತ್ತೆ, ಬೆಂಗಳೂರಿನಲ್ಲಿ ಮಹಿಳಾ ಲೀಗ್ ಪಂದ್ಯ ಇದ್ದಾಗ ಮಗಳನ್ನು ಕರೆದುಕೊಂಡು ಹೋಗಿ ಗ್ಯಾಲರಿಯಲ್ಲಿ ಕೂರಿಸಿ. ಜಾಗ ಬೇಕಾದಷ್ಟಿರುತ್ತದೆ.